ನೊಣದ ಕಣ್ಣಿನ ಋಣ

ಜೀವಗಳನ್ನು ಇಂದ್ರಿಯಗಳ ಎಣಿಕೆಯಿಂದ ವಿಂಗಡಿಸುವ ಕ್ರಮವು ಜೈನ ಮನೆತನದ ಮಕ್ಕಳಿಗೆ ಪಾಠಶಾಲೆಯ ಮೊದಲ ದಿನಗಳಲ್ಲಿಯೇ ಪರಿಚಿತವಾಗಿರುತ್ತದೆ. ಹುಳುವಿಗೆ ಸ್ಪರ್ಶನ ಮತ್ತು ರಸನ. ಇರುವೆಗೆ ಅವೆರಡರೊಡನೆ ಘ್ರಾಣ. ದುಂಬಿ, ನೊಣಗಳಿಗೆ ಆ ಮೂರರೊಡನೆ ಚಕ್ಷು. ಅಂದರೆ, ನೊಣವನ್ನು ಇರುವೆಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಿಸಿರುವುದು ಅದರ ಕಣ್ಣು. ಆ ಕಣ್ಣನ್ನೇ ಕೆಡಿಸಿ, ಕೆಟ್ಟ ಕಣ್ಣಿನ ಸಂತತಿಯನ್ನು ಸೀಸೆಗಳಲ್ಲಿ ಬೆಳೆಸಿ, ಮನುಷ್ಯನ ಕಣ್ಣು ಏಕೆ ಕೆಡುತ್ತದೆಂಬುದನ್ನು ಅರಿಯುವ ವಿದ್ಯೆಯೊಂದು ನೂರು ವರ್ಷಗಳಿಗೂ ಮಿಕ್ಕಿ ಬೆಳೆದುಬಂದಿದೆ. ಅದರ ಫಲವನ್ನು ನಾವೂ ಉಣ್ಣುತ್ತಿದ್ದೇವೆ. ಆದರೆ ಅದರ ವಿಷಯವಾಗಿ ನಮ್ಮ ಸಮಾಜದಲ್ಲಿ ಪ್ರಾಮಾಣಿಕವಾದ ಮಾತು ಕೇಳಿಬರುವುದು ತೀರ ವಿರಳ.

ಕೇಳಿಬರುವ ಮಾತುಗಳು ಎರಡೇ. ಒಂದು: "ನೊಣ ತಾನೆ, ಅದಕ್ಕೇಕೆ ಇಷ್ಟು ಚರ್ಚೆ?" ಇನ್ನೊಂದು: "ಹಿಂಸೆ ಹಿಂಸೆಯೇ, ಅದರ ಹೆಸರನ್ನೂ ಎತ್ತಬೇಡಿ." ಇತ್ತೀಚೆಗೆ ಒಂದು ಟ್ರಸ್ಟಿನ ವಿದ್ಯಾರ್ಥಿವೇತನದ ಸಭೆಯಲ್ಲಿ, ತಳಿವಿಜ್ಞಾನದಲ್ಲಿ ಸಂಶೋಧನೆಗೆ ಹೊರಟ ವಿದ್ಯಾರ್ಥಿನಿಯೊಬ್ಬಳ ಅರ್ಜಿ ಬಂದಾಗ ಈ ಎರಡೂ ಮಾತುಗಳು ಹತ್ತು ನಿಮಿಷಗಳೊಳಗೆ ಮುಗಿದವು. ಅರ್ಜಿ ತಿರಸ್ಕೃತವಾಯಿತು. ಅದೇ ಸಭೆಯ ಮುಂದಿನ ವಿಷಯ ನೇತ್ರಚಿಕಿತ್ಸಾಲಯವೊಂದರ ಅಕ್ಷಿಪಟಲ ವಿಭಾಗಕ್ಕೆ ದೇಣಿಗೆ. ಅದು ಸರ್ವಾನುಮತದಿಂದ ಅಂಗೀಕೃತವಾಯಿತು. ಈ ಎರಡು ನಿರ್ಣಯಗಳ ನಡುವೆ ಏನಾದರೂ ಸಂಬಂಧವಿದೆಯೇ ಎಂದು ಯಾರೂ ಕೇಳಲಿಲ್ಲ. ಸಂಬಂಧವಿದೆ, ಅದನ್ನು ಮರೆಮಾಚುವುದರಲ್ಲಿ ಮೇಲಿನ ಎರಡು ಮಾತುಗಳೂ ಒಂದೇ ಎಂಬುದೇ ಈ ಲೇಖನದ ವಾದ.

ಮೊದಲು ಸಂಗತಿಗಳನ್ನು ಅರಿಯೋಣ. ಕಳಿತ ಬಾಳೆಯ ಹಣ್ಣಿನ ಸುತ್ತ ಸುಳಿಯುವ, ಎಳ್ಳುಕಾಳಿನಷ್ಟು ಗಾತ್ರದ ಆ ನೊಣಕ್ಕೆ ವಿಜ್ಞಾನಿಗಳು ಡ್ರೊಸಾಫಿಲ ಎನ್ನುತ್ತಾರೆ. ಮೊಟ್ಟೆಯಿಂದ ಹಾರುವ ನೊಣವಾಗಲು ಅದಕ್ಕೆ ಸುಮಾರು 10 ದಿನ ಸಾಕು. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ವಿಜ್ಞಾನಿ ಹಾಲಿನ ಸೀಸೆಗಳಲ್ಲಿ ಸಾಕಿದ್ದ ಕೆಂಗಣ್ಣಿನ ನೊಣಗಳ ನಡುವೆ ಬಿಳಿಗಣ್ಣಿನ ಒಂದು ಗಂಡುನೊಣ ಕಾಣಿಸಿತು. ಅದರ ಸಂತತಿಯನ್ನು ತಲೆಮಾರುಗಳವರೆಗೆ ಎಣಿಸಿ, ಈ ದೋಷದ ವಂಶವಾಹಿಯು ಲಿಂಗನಿರ್ಣಯದ ಎಕ್ಸ್ ವರ್ಣತಂತುವಿನ ಮೇಲಿದೆಯೆಂದು ಅವರು ತೋರಿಸಿಕೊಟ್ಟರು. ಕೆಂಪು ಹಸಿರುಗಳ ಭೇದ ತಿಳಿಯದ ವರ್ಣಾಂಧತೆಯು ಮನುಷ್ಯರಲ್ಲಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಇಳಿದುಬರುವ ಬಗೆಯೂ ಇದೇ. 1933ರಲ್ಲಿ ಮಾರ್ಗನ್ನರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇರುಳಿನಲ್ಲಿ ದೀಪ ಹಚ್ಚಿ ಉಣಬಾರದೆಂದು ನಮ್ಮ ಹಿರಿಯರು ವಿಧಿಸಿದುದಕ್ಕೆ ಒಂದು ಕಾರಣ, ಬೆಳಕಿಗೆ ಹಾರಿಬಂದು ಸಾಯುವ ಕೀಟಗಳ ಮೇಲಿನ ಕರುಣೆ. ಬೆಳಕಿನತ್ತ ಧಾವಿಸುವ ಅದೇ ಸ್ವಭಾವವನ್ನು ಕ್ಯಾಲಿಫೋರ್ನಿಯದ ಸೀಮೋರ್ ಬೆಂಜರ್ 1967ರಲ್ಲಿ ಸಂಶೋಧನೆಯ ಉಪಕರಣವನ್ನಾಗಿ ಮಾಡಿಕೊಂಡರು. ವಂಶವಾಹಿಗಳನ್ನು ಕೆಡಿಸುವ ರಾಸಾಯನಿಕವನ್ನು ನೊಣಗಳಿಗೆ ಉಣಿಸಿ, ಅವುಗಳ ಸಂತತಿಯಲ್ಲಿ ಯಾವುವು ಬೆಳಕಿನತ್ತ ಹೋಗುವುದಿಲ್ಲವೋ ಅವುಗಳನ್ನು ಆರಿಸಿ ತೆಗೆದರು. ಹೀಗೆ ಆರಿಸಿದವುಗಳಲ್ಲಿ ಕೆಲವು ಕುರುಡು. ನೊಣದ ಒಂದು ಕಣ್ಣಿನಲ್ಲಿ ಸುಮಾರು 800 ಕಿರುಗಣ್ಣುಗಳು, ಪ್ರತಿಯೊಂದು ಕಿರುಗಣ್ಣಿನಲ್ಲಿ ಬೆಳಕನ್ನು ಗ್ರಹಿಸುವ 8 ಜೀವಕೋಶಗಳು ಇರುತ್ತವೆ. ಕೆಲವು ಉತ್ಪರಿವರ್ತಿತ ನೊಣಗಳಲ್ಲಿ ಈ ಕೋಶಗಳು ಹುಟ್ಟುವಾಗ ಸರಿಯಾಗಿಯೇ ಇದ್ದು, ಅನಂತರ ಒಂದೊಂದಾಗಿ ಕ್ಷಯಿಸುತ್ತವೆ. ‘ಆರ್‌ಡಿಜಿ-ಬಿ’ ಎಂಬ ತಳಿಯ ನೊಣವನ್ನು ಕತ್ತಲೆಯಲ್ಲಿಟ್ಟರೆ ಕ್ಷಯವು ಬಹುಮಟ್ಟಿಗೆ ತಡೆಯಲ್ಪಡುತ್ತದೆ; ಬೆಳಕಿನಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಕಣ್ಣು ಹೋಗುತ್ತದೆ. ನೋಟಕ್ಕೆ ಆಧಾರವಾದ ಬೆಳಕೇ ಆ ಜೀವಕ್ಕೆ ನೋಟವನ್ನು ಕಿತ್ತುಕೊಳ್ಳುವ ವಸ್ತುವಾಗುತ್ತದೆ.

ಈ ವಿದ್ಯೆ ನಮ್ಮಿಂದ ದೂರದಲ್ಲಿಲ್ಲ. ಬೆಂಜರರೊಡನೆ ಕೆಲಸಮಾಡಿದ ಒಬೈದ್ ಸಿದ್ದಿಕಿಯವರು ಮುಂಬಯಿಯ ಟಾಟಾ ಸಂಸ್ಥೆಯಲ್ಲಿಯೂ, ಬಳಿಕ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ನೊಣದ ಅಧ್ಯಯನಕ್ಕೆ ಭದ್ರವಾದ ನೆಲೆ ಹಾಕಿದರು. ಆರ್‌ಡಿಜಿ ತಳಿಗಳ ಕಣ್ಣು ಏಕೆ ಕ್ಷಯಿಸುತ್ತದೆಂಬ ಶೋಧನೆ ಆ ಕೇಂದ್ರದಲ್ಲಿ ನಡೆದುಬಂದಿದೆ. ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗವೂ ದಶಕಗಳಿಂದ ಡ್ರೊಸಾಫಿಲದ ಅಧ್ಯಯನಕ್ಕೆ ಹೆಸರಾಗಿದ್ದು, ಅಲ್ಲಿ ತಳಿಗಳ ಸಂಗ್ರಹಾಲಯವಿದೆ.

ಇದರಿಂದ ಮನುಷ್ಯನಿಗೆ ದೊರೆತುದೇನು? ರೆಟಿನೈಟಿಸ್ ಪಿಗ್ಮೆಂಟೋಸ ಎಂಬ ವಂಶಪಾರಂಪರ್ಯ ರೋಗವು ಲೋಕದಲ್ಲಿ ಸುಮಾರು 4000 ಜನರಲ್ಲಿ ಒಬ್ಬರಿಗೆ ಬರುತ್ತದೆ. ಮೊದಲು ಇರುಳುಗುರುಡು, ಅನಂತರ ಅಂಚಿನ ನೋಟ ಕುಗ್ಗಿ ಕೊಳವೆಯೊಳಗಿಂದ ನೋಡಿದಂತಾಗುವುದು, ಕೊನೆಗೆ ಕೆಲವರಲ್ಲಿ ಪೂರ್ಣ ಅಂಧತ್ವ. ಈ ರೋಗಕ್ಕೆ ಒಂದು ಕಾರಣ ಬೆಳಕನ್ನು ಹಿಡಿಯುವ ರೊಡಾಪ್ಸಿನ್ ಎಂಬ ಪ್ರೋಟೀನಿನ ದೋಷವೆಂದು 1990ರಲ್ಲಿ ಮನುಷ್ಯರಲ್ಲಿ ಪತ್ತೆಯಾಯಿತು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಕೆಟ್ಟ ವಂಶವಾಹಿ ಬಂದಿದ್ದರೂ, ಇನ್ನೊಬ್ಬರಿಂದ ಬಂದ ಒಳ್ಳೆಯದು ಕಣ್ಣನ್ನು ಉಳಿಸಲಾರದೇಕೆ? ಕೆಟ್ಟ ರೊಡಾಪ್ಸಿನ್ ಒಳ್ಳೆಯ ರೊಡಾಪ್ಸಿನ್ನಿನ ಬೆಳವಣಿಗೆಯನ್ನೂ ತಡೆಯುವುದನ್ನು 1995ರಲ್ಲಿ ನೊಣದ ಕಣ್ಣಿನಲ್ಲಿ ಕಂಡುಕೊಳ್ಳಲಾಯಿತು. ಕ್ಯಾರೆಟ್ಟು, ಸೊಪ್ಪುಗಳಲ್ಲಿರುವ ಬೀಟ ಕ್ಯಾರೊಟೀನನ್ನು ಸೀಳಿ ದೇಹವು ಎ ಜೀವಸತ್ವವನ್ನು ಪಡೆಯುವುದಷ್ಟೆ. ಆ ಸೀಳುವ ಕಿಣ್ವದ ವಂಶವಾಹಿಯನ್ನು 2000ದಲ್ಲಿ ಮೊದಲು ಗುರುತಿಸಿದ್ದು ಸಹ ಇದೇ ನೊಣದಲ್ಲಿ. ತೀವ್ರ ಬೆಳಕಿನಲ್ಲಿ ತಾತ್ಕಾಲಿಕವಾಗಿ ಕುರುಡಾಗುವ ‘ಟಿಆರ್‌ಪಿ’ ಎಂಬ ತಳಿ 1969ರಲ್ಲಿ ವರದಿಯಾಯಿತು. ಅದರ ವಂಶವಾಹಿಗೆ ಬಂಧುವಾದವು ನಮ್ಮ ಚರ್ಮದ ನರಗಳಲ್ಲಿ ಶಾಖವನ್ನೂ ಮೆಣಸಿನ ಖಾರವನ್ನೂ ಗುರುತಿಸುತ್ತವೆಂಬ ಶೋಧನೆಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿತು.

ಇನ್ನು ಖರ್ಚಿನ ಕಡೆ ನೋಡೋಣ. ವ್ಯಾಪಾರಿಯಾದವನು ಜಮೆಯ ಪುಟವನ್ನಷ್ಟೇ ಓದಿ ಪುಸ್ತಕ ಮುಚ್ಚುವಂತಿಲ್ಲ. ನೊಣದ ತಳಿಗಳನ್ನು ಬೀಜದಂತೆ ಒಣಗಿಸಿ ಇಡಲಾಗದು. ಒಂದು ತಳಿ ಉಳಿಯಬೇಕಾದರೆ ಕೆಲವು ವಾರಗಳಿಗೊಮ್ಮೆ ಹೊಸ ಸೀಸೆಗೆ ಕೆಲವು ನೊಣಗಳನ್ನು ದಾಟಿಸುತ್ತಲೇ ಇರಬೇಕು, ಉಳಿದವು ನಿಷ್ಪ್ರಯೋಜಕ. ಅವುಗಳನ್ನು ಮದ್ಯಸಾರ ಅಥವಾ ಎಣ್ಣೆ ತುಂಬಿದ ಪಾತ್ರೆಗೆ ಸುರಿಯುತ್ತಾರೆ. ಪ್ರಯೋಗಾಲಯದವರೇ ಆ ಪಾತ್ರೆಗೆ ‘ಶವಾಗಾರ’ ಎಂಬರ್ಥದ ಹೆಸರಿಟ್ಟಿದ್ದಾರೆ. ಉದಾಹರಣೆಗಾಗಿ ಒಂದು ಲೆಕ್ಕ: ಒಂದು ಪ್ರಯೋಗಾಲಯದಲ್ಲಿ 500 ತಳಿಗಳಿದ್ದು, ಒಂದೊಂದಕ್ಕೆ 2 ಸೀಸೆಗಳಂತೆ, ಒಂದು ಸೀಸೆಯಲ್ಲಿ 50 ನೊಣಗಳು ಹುಟ್ಟಿದರೆ, ಒಂದು ತಲೆಮಾರಿಗೆ 50,000. ಇಪ್ಪತ್ತು ದಿನಗಳಿಗೊಂದು ತಲೆಮಾರೆಂದರೆ ವರ್ಷಕ್ಕೆ 18; ಅಂದರೆ 9 ಲಕ್ಷ ಜೀವಗಳು. ಇದರಲ್ಲಿ ಪ್ರಯೋಗಕ್ಕೆ ಬಳಕೆಯಾದವುಗಳ ಲೆಕ್ಕ ಸೇರಿಲ್ಲ; ತಳಿಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಹುಟ್ಟಿ ಸತ್ತವುಗಳ ಲೆಕ್ಕವಿದು. ಅಮೆರಿಕದ ಬ್ಲೂಮಿಂಗ್‌ಟನ್ನಿನ ತಳಿಭಂಡಾರದಲ್ಲಿ ಇಂತಹ ಹತ್ತಾರು ಸಾವಿರ ತಳಿಗಳನ್ನು ಜೀವಂತವಾಗಿ ಕಾಪಾಡುತ್ತಾರೆ.

ಈಗ "ನೊಣ ತಾನೆ" ಎನ್ನುವವರ ವಾದವನ್ನು ಪರಿಶೀಲಿಸೋಣ. ಈ ಮಾತನ್ನು ನುಡಿಯುವವರು ತಾವು ವಿಜ್ಞಾನದ ಪಕ್ಷದಲ್ಲಿದ್ದೇವೆಂದು ಭಾವಿಸಿರುತ್ತಾರೆ. ವಸ್ತುತಃ ವಿಜ್ಞಾನವೇ ಅವರನ್ನು ಕೈಬಿಟ್ಟಿದೆ. ನೊಣದಲ್ಲಿ ‘ಐಲೆಸ್’, ಅಂದರೆ ‘ಕಣ್ಣಿಲ್ಲದ್ದು’ ಎಂಬ ಹೆಸರಿನ ಒಂದು ವಂಶವಾಹಿಯಿದೆ. ಅದು ಕೆಟ್ಟರೆ ಕಣ್ಣು ಮೂಡುವುದಿಲ್ಲ. ಇಲಿಯಲ್ಲಿಯೂ ಮನುಷ್ಯನಲ್ಲಿಯೂ ಕಣ್ಣು ರೂಪುಗೊಳ್ಳಲು ಬೇಕಾದ ‘ಪ್ಯಾಕ್ಸ್-6’ ಎಂಬ ವಂಶವಾಹಿ ಇದರದೇ ಬಂಧುವೆಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ವಾಲ್ಟರ್ ಗೇರಿಂಗ್ ಮತ್ತು ಅವರ ಸಂಗಡಿಗರು 1994ರಲ್ಲಿ ತೋರಿಸಿದರು. ಮರುವರ್ಷ ಅವರು ಇಲಿಯ ಆ ವಂಶವಾಹಿಯನ್ನೇ ನೊಣದೊಳಗೆ ಸೇರಿಸಿ, ನೊಣದ ಕಾಲಿನ ಮೇಲೆ, ರೆಕ್ಕೆಯ ಮೇಲೆ ಕಣ್ಣು ಮೂಡುವಂತೆ ಮಾಡಿದರು. ಮೂಡಿದ್ದು ಇಲಿಯ ಕಣ್ಣಲ್ಲ, ನೊಣದ ಕಣ್ಣೇ. ‘ಇಲ್ಲಿ ಕಣ್ಣಾಗಲಿ’ ಎಂಬ ಆಜ್ಞೆ ಇಲಿಗೂ ನೊಣಕ್ಕೂ ಒಂದೇ ಎಂದಾಯಿತು. ನೊಣವು ನಮಗೆ ಏನೂ ಅಲ್ಲವೆಂದಾದರೆ ಅದರ ಕಣ್ಣಿನಿಂದ ನಮ್ಮ ಕಣ್ಣಿನ ವಿಷಯ ಕಲಿಯುವುದು ಅಸಾಧ್ಯ; ಕಲಿಯಲು ಸಾಧ್ಯವಾಗಿದೆಯೆಂದರೆ ಅದು ನಮಗೆ ಏನೋ ಆಗಿರಲೇಬೇಕು. ಲಾಭಕ್ಕೆ ಬಂಧು, ಮರಣಕ್ಕೆ ಅಪರಿಚಿತ ಎಂಬ ನ್ಯಾಯ ಯಾವ ಅಂಗಡಿಯಲ್ಲಿಯೂ ನಡೆಯದು.

ಅದಕ್ಕೆ ನೋವೆಲ್ಲಿದೆ ಎಂದು ಕೇಳುವವರೂ ಇದ್ದಾರೆ. ಬಿಸಿಯಾದ ಸಲಾಕೆ ಮುಟ್ಟಿದೊಡನೆ ನೊಣದ ಮರಿಹುಳು ಉರುಳಿ ಉರುಳಿ ತಪ್ಪಿಸಿಕೊಳ್ಳಲೆಳಸುತ್ತದೆ. ಹಾಗೆ ಮಾಡಲಾರದ ಒಂದು ಉತ್ಪರಿವರ್ತಿತ ತಳಿಯನ್ನು 2003ರಲ್ಲಿ ವರ್ಣಿಸಿದ ವಿಜ್ಞಾನಿಗಳು ಅದಕ್ಕೆ ‘ಪೇನ್‌ಲೆಸ್’, ಎಂದರೆ ‘ನೋವಿಲ್ಲದ್ದು’ ಎಂದು ಹೆಸರಿಟ್ಟರು. 2019ರಲ್ಲಿ ಸಿಡ್ನಿಯ ಸಂಶೋಧಕರು, ಒಂದು ಕಾಲನ್ನು ಕಳೆದುಕೊಂಡ ನೊಣವು ಗಾಯ ಮಾಗಿದ ಮೇಲೂ ಶಾಖಕ್ಕೆ ಅತಿಯಾಗಿ ಬೆದರುವುದನ್ನು ತೋರಿಸಿದರು. ನೊಣವು ನಮ್ಮಂತೆಯೇ ಸಂಕಟಪಡುತ್ತದೆಂದು ಇದರಿಂದ ಸಿದ್ಧವಾಗಲಿಲ್ಲ. ಆದರೆ ಸಂಕಟವೇ ಇಲ್ಲವೆಂದು ಸಲೀಸಾಗಿ ಹೇಳುವ ದಾರಿಯಂತೂ ಮುಚ್ಚಿತು.

ನಮ್ಮ ಸಿದ್ಧಾಂತವಂತೂ ಇಲ್ಲಿ ಸಂದಿಗ್ಧಕ್ಕೆ ಎಡೆಗೊಟ್ಟಿಲ್ಲ. ಹಿಂಸೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಪ್ರಮಾದದಿಂದ ಪ್ರಾಣಗಳನ್ನು ಘಾಸಿಗೊಳಿಸುವುದು. ಪ್ರಾಣಗಳು ಹತ್ತು, ಚತುರಿಂದ್ರಿಯ ಜೀವಕ್ಕೆ ಅವುಗಳಲ್ಲಿ ಎಂಟು: ನಾಲ್ಕು ಇಂದ್ರಿಯಗಳು, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ ಮತ್ತು ಆಯು. ಚಕ್ಷುವು ಸ್ವತಃ ಒಂದು ಪ್ರಾಣ. ಆದಕಾರಣ ನೊಣವನ್ನು ಕೊಲ್ಲದೆ ಕುರುಡಾಗಿಸಿದರೂ ಅದು ಹಿಂಸೆಯೇ. ಜಾಣರೊಬ್ಬರು, "ಕಣ್ಣಿಲ್ಲದೆ ಹುಟ್ಟಿದ ನೊಣ ತ್ರೀಂದ್ರಿಯವಾಯಿತಲ್ಲವೇ, ದೋಷವೂ ಅಷ್ಟು ಕಡಿಮೆಯಲ್ಲವೇ?" ಎಂದು ಕೇಳಿದ್ದುಂಟು. ಹುಟ್ಟುಗುರುಡನಾದ ಮನುಷ್ಯನು ಚತುರಿಂದ್ರಿಯ ಜೀವಿಯಾಗಿ ಇಳಿಯುತ್ತಾನೆಯೇ? ಇಲ್ಲ, ಜಾತಿನಾಮಕರ್ಮದಿಂದ ಅವನು ಪಂಚೇಂದ್ರಿಯನೇ. ನೊಣಕ್ಕೂ ಅದೇ ನ್ಯಾಯ.

ಇನ್ನೊಂದು ಗುಂಪಿನವರು ವಂಶವಾಹಿಯೆಂದರೆ ಕರ್ಮವೇ, ನಮ್ಮ ಶಾಸ್ತ್ರವನ್ನು ವಿಜ್ಞಾನ ಈಗ ಒಪ್ಪಿಕೊಂಡಿದೆ ಎಂದು ಸಂಭ್ರಮದಿಂದ ಬರೆಯುತ್ತಾರೆ. ಈ ಸಂಭ್ರಮದ ಪರಿಣಾಮವನ್ನು ಅವರು ಯೋಚಿಸಿದಂತಿಲ್ಲ. ಕುರುಡು ನೊಣ ತನ್ನ ಕರ್ಮದಿಂದಲೇ ಕುರುಡಾಯಿತೆಂದು ಹೇಳಿ ರಾಸಾಯನಿಕ ಉಣಿಸಿದ ಕೈಯನ್ನು ನಿರ್ದೋಷಿಯೆನ್ನುವುದಾದರೆ, ಕಟುಕನ ಕೈಯೂ ನಿರ್ದೋಷಿಯಾಗಬೇಕಾಗುತ್ತದೆ. ಅನುಭವಿಸುವವನ ಕರ್ಮ ಅವನದು, ಮಾಡುವವನ ಕರ್ಮ ಇವನದು. ಒಬ್ಬರ ಖಾತೆಯ ಸಾಲವನ್ನು ತೋರಿಸಿ ಇನ್ನೊಬ್ಬರ ಖಾತೆಯನ್ನು ಚುಕ್ತಾ ಮಾಡಲಾಗದು.

ಹಾಗಾದರೆ "ಅದರ ಹೆಸರೂ ಬೇಡ" ಎನ್ನುವವರು ಗೆದ್ದರೇ? ಇಲ್ಲ. ಅವರ ಮಾತು ಮೇಲ್ನೋಟಕ್ಕೆ ಕಠೋರವಾದ ವ್ರತದಂತೆ ಕಂಡರೂ, ಒಳಗೆ ಸುಲಭದ ದಾರಿ. ಅರ್ಜಿಯನ್ನು ತಿರಸ್ಕರಿಸಿದವರು ಆಸ್ಪತ್ರೆಯ ಅಕ್ಷಿಪಟಲ ವಿಭಾಗದಲ್ಲಿ ತಮ್ಮ ಮೊಮ್ಮಗನ ರೋಗದ ಕಾರಣವನ್ನು ವೈದ್ಯರು ವಿವರಿಸುವಾಗ, ಆ ಅರಿವಿನ ಒಂದು ಭಾಗ ನೊಣದಿಂದ ಬಂದುದೆಂದು ಎದ್ದು ಹೊರನಡೆಯುವುದಿಲ್ಲ. ಹೊರನಡೆಯಬೇಕೆಂದು ನಾನು ಹೇಳುತ್ತಲೂ ಇಲ್ಲ. ಸರಕನ್ನು ಸ್ವೀಕರಿಸಿ, ಅದು ಬಂದ ದಾರಿಯನ್ನು ಅರಿಯೆನೆನ್ನುವುದು ಅಚೌರ್ಯವ್ರತಕ್ಕೂ ಒಪ್ಪುವ ನಡತೆಯಲ್ಲ ಎಂದಷ್ಟೇ ಹೇಳುತ್ತೇನೆ.

ಅಷ್ಟೇ ಅಲ್ಲ, ನೊಣದ ಪ್ರಯೋಗ ನಿಂತರೆ ಅದರ ಸ್ಥಾನವನ್ನು ಯಾವುದು ತುಂಬೀತು ಎಂಬುದನ್ನೂ ವಿಚಾರಿಸಬೇಕು. ಕಣ್ಣಿನ ಚಿಕಿತ್ಸೆಯ ಎಲ್ಲ ಹೆಜ್ಜೆಗಳೂ ನೊಣದಿಂದ ಬಂದವಲ್ಲ. ಆನುವಂಶಿಕ ಅಂಧತ್ವದ ಒಂದು ಬಗೆಗೆ 2017ರಲ್ಲಿ ಅಮೆರಿಕದಲ್ಲಿ ಮಂಜೂರಾದ ಲಕ್ಸ್ಟರ್ನ ಎಂಬ ವಂಶವಾಹಿ ಚಿಕಿತ್ಸೆಯು ಹುಟ್ಟಾ ಕುರುಡಾದ ಬ್ರಿಯಾರ್ಡ್ ತಳಿಯ ನಾಯಿಗಳ ಮೇಲಿನ ಪ್ರಯೋಗಗಳನ್ನು ಆಧರಿಸಿದುದು. ನಾಯಿ ಸಂಜ್ಞಿ ಪಂಚೇಂದ್ರಿಯ, ದಶಪ್ರಾಣಿ. ಇಂದ್ರಿಯ, ಪ್ರಾಣಗಳು ಹೆಚ್ಚಿದಂತೆ ಹಿಂಸೆಯ ಭಾರವೂ ಹೆಚ್ಚುವುದೆಂದು ನಂಬುವ ನಾವು ಈ ತಾರತಮ್ಯವನ್ನು ಅಲಕ್ಷಿಸುವಂತಿಲ್ಲ. ಆದರೆ ಭಾರ ಕಡಿಮೆಯೆಂದರೆ ಭಾರವೇ ಇಲ್ಲವೆಂದಲ್ಲ. ನಾಣ್ಯ ಚಿಕ್ಕದಾದರೂ ಲಕ್ಷಗಟ್ಟಲೆ ಸೇರಿದಾಗ ಮೊತ್ತ ದೊಡ್ಡದೇ.

ಹೀಗಿರಲು ನಮ್ಮ ಟ್ರಸ್ಟುಗಳು ಮಾಡಬೇಕಾದುದೇನು? ನನ್ನ ಸಲಹೆಗಳು ನಾಲ್ಕು.

ಮೊದಲನೆಯದು, ನಮ್ಮ ಆಡಳಿತದ ಕಾಲೇಜುಗಳಲ್ಲಿ ಬಿಳಿಗಣ್ಣು ಕೆಂಗಣ್ಣುಗಳ ಸಂಕರವನ್ನು ಪಾಠದ ಪ್ರಯೋಗವಾಗಿ ಮಾಡಿಸುವುದಿದ್ದರೆ ನಿಲ್ಲಲಿ. ಅದರ ಫಲಿತಾಂಶ 1910ರಿಂದ ಲೋಕಕ್ಕೆ ತಿಳಿದಿದೆ; ಪ್ರತಿವರ್ಷ ಅದನ್ನು ಮತ್ತೆ ಮಾಡಿ ನೊಣಗಳನ್ನು ಸುರಿಯುವುದರಿಂದ ಹೊಸ ಅರಿವು ಹುಟ್ಟದು. ಗೃಹಸ್ಥನಿಗೆ ಹೇಳಿದ ಅನರ್ಥದಂಡ ವಿರತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯಲಾರದು. ಚಿತ್ರ, ಚಲಚ್ಚಿತ್ರ, ಕಂಪ್ಯೂಟರುಗಳಿಂದ ಅದೇ ಪಾಠ ಸಾಧ್ಯ. 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮವು ಮನುಷ್ಯನ ಹೊರತು ಬೇರೆ ಯಾವುದೇ ಜೀವಿಯನ್ನು ‘ಪ್ರಾಣಿ’ಯೆಂದೇ ಕರೆದಿದೆ, ಪುಸ್ತಕ, ಮಾದರಿ, ಚಲಚ್ಚಿತ್ರಗಳು ಸಾಕಾಗುವಲ್ಲಿ ಪ್ರಯೋಗವನ್ನು ವರ್ಜಿಸಬೇಕೆಂಬ ಆಶಯವೂ ಅದರಲ್ಲಿದೆ. ಬ್ರಿಟನ್ನಿನ 1986ರ ಪ್ರಯೋಗ ಕಾನೂನು ನೊಣವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ನಮ್ಮ ಕಾನೂನು ಕೊಟ್ಟ ಗೌರವವನ್ನು ನಾವೇ ಕೊಡದಿದ್ದರೆ ಹೇಗೆ?

ಎರಡನೆಯದು, ಸಂಶೋಧನೆಗೆ ನೆರವು ಕೊಡುವಾಗ ಪ್ರಶ್ನೆಗಳನ್ನು ಕೇಳೋಣ. ಹುಡುಕುವ ಉತ್ತರ ಈಗಾಗಲೇ ತಿಳಿದಿದೆಯೇ? ಮನುಷ್ಯನ ಕಾಂಡಕೋಶಗಳಿಂದ ತಟ್ಟೆಯಲ್ಲಿ ಬೆಳೆಸಿದ ಅಕ್ಷಿಪಟಲದ ಊತಕದಲ್ಲಿ ಅದನ್ನು ಅರಿಯಬಹುದೇ? ಜಪಾನಿನ ವಿಜ್ಞಾನಿಗಳು 2012ರಲ್ಲಿಯೇ ಅಂತಹ ಊತಕವನ್ನು ಬೆಳೆಸಿ ತೋರಿಸಿದ್ದಾರೆ. ನೊಣದ ತಲೆಯನ್ನು ಕತ್ತರಿಸದೆ, ಜೀವಂತ ನೊಣದ ಕಣ್ಣಿಗೆ ಬೆಳಕು ಹಾಯಿಸಿ ಸೂಕ್ಷ್ಮದರ್ಶಕದಲ್ಲಿ ಕೋಶಗಳ ಕ್ಷಯವನ್ನು ಗುರುತಿಸುವ ವಿಧಾನ 1970ರ ದಶಕದಿಂದ ಇದೆ, ಅದು ಸಾಲದೇ?

ಮೂರನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಮುಖ್ಯವಾದುದು: ತಳಿಯನ್ನು ಉಳಿಸುವುದಕ್ಕಾಗಿಯೇ ನಡೆಯುವ ಹುಟ್ಟು ಸಾವುಗಳ ಸರಪಳಿಯನ್ನು ಕಡಿಯಲು ಹಣ ಕೊಡೋಣ. ನೊಣದ ಭ್ರೂಣಗಳನ್ನು ಅತಿಶೀತದಲ್ಲಿ ಹೆಪ್ಪುಗಟ್ಟಿಸಿಟ್ಟು, ಬೇಕಾದಾಗ ಮರಳಿ ಬೆಳೆಸುವ ವಿಧಾನವೊಂದನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ್ದಾರೆ. ಭ್ರೂಣವೂ ಜೀವವೇ, ಶೀತಲೀಕರಣದಲ್ಲಿ ಕೆಲವು ಅಳಿಯುತ್ತವೆ ಎಂಬುದು ನಿಜ. ಆದರೂ ಹಿಂದೆ ಹೇಳಿದ 9 ಲಕ್ಷದ ಲೆಕ್ಕವು ಇದರಿಂದ ಬಹುವಾಗಿ ಇಳಿಯುವುದು. ಈ ವಿದ್ಯೆಯನ್ನು ಕಲಿತು ಬಂದು ನಮ್ಮ ದೇಶದ ತಳಿಭಂಡಾರಗಳಲ್ಲಿ ನೆಲೆಗೊಳಿಸುವ ವಿದ್ಯಾರ್ಥಿಗೆ ವೇತನ ಕೊಡುವುದು ಗೋಶಾಲೆಗೆ ಹುಲ್ಲು ಕೊಟ್ಟಷ್ಟೇ ಸಾರ್ಥಕವಾದ ಜೀವದಯೆ. ಫಲಕದ ಮೇಲೆ ಹೆಸರು ಕೆತ್ತಿಸಲು ಅಲ್ಲಿ ಸ್ಥಳವಿರಲಾರದು, ಅಷ್ಟೇ.

ನಾಲ್ಕನೆಯದು, ಅಂತಹ ವಿದ್ಯಾರ್ಥಿನಿಯರನ್ನು ಹೊರಗೆ ಕಳುಹಿಸದಿರೋಣ. ಸೀಸೆಯೊಳಗಿನ ಜೀವಕ್ಕೆ ಎಂಟು ಪ್ರಾಣಗಳಿವೆಯೆಂದು ಬಾಲ್ಯದಿಂದ ಕೇಳಿ ಬೆಳೆದವಳು ಪ್ರಯೋಗಾಲಯದೊಳಗೆ ಇದ್ದರೆ, ಹತ್ತು ಸೀಸೆಗಳಲ್ಲಿ ಆಗುವ ಕೆಲಸಕ್ಕೆ ನೂರು ಸೀಸೆಗಳೇಕೆ ಎಂದು ಕೇಳುವವರೊಬ್ಬರು ಅಲ್ಲಿರುತ್ತಾರೆ. ಅವಳನ್ನು ತಡೆದರೆ ಸಂಶೋಧನೆ ನಿಲ್ಲುವುದಿಲ್ಲ, ಆ ಪ್ರಶ್ನೆ ಮಾತ್ರ ನಿಲ್ಲುತ್ತದೆ.

ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತವೆಂಬ ತತ್ತ್ವವನ್ನು ನಾವು ಲಾಂಛನವಾಗಿ ಮುದ್ರಿಸಿಕೊಂಡಿದ್ದೇವೆ. ನೊಣವು ನಮಗೆ ಮಾಡಿದ ಉಪಕಾರದ ಪಟ್ಟಿಯನ್ನು ಮೇಲೆ ಕೊಟ್ಟಿದ್ದೇನೆ. ನಾವು ನೊಣಕ್ಕೆ ಮಾಡಿದ ಉಪಕಾರದ ಪುಟ ಬರಿದಾಗಿದೆ. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ ಏಕೇಂದ್ರಿಯ ಮೊದಲ್ಗೊಂಡು ಸಕಲ ಜೀವರಾಶಿಯ ಕ್ಷಮೆ ಬೇಡುತ್ತೇವೆ. ಸಾಲದ ಮೊತ್ತವನ್ನು ಬರೆದುಕೊಳ್ಳದೆ, ಒಂದು ಕಂತನ್ನೂ ಕಟ್ಟದೆ, ಸಾಲಗಾರನು ವರ್ಷ ವರ್ಷವೂ ಬಂದು ಕೈಮುಗಿದು ಹೋದರೆ ಅದನ್ನು ನಾವು ನಮ್ಮ ಅಂಗಡಿಯಲ್ಲಿ ಒಪ್ಪುವುದಿಲ್ಲ. ಆದುದರಿಂದ ಪ್ರತಿಯೊಂದು ಟ್ರಸ್ಟೂ ತನ್ನ ಮುಂದಿನ ವಾರ್ಷಿಕ ಸಭೆಯಲ್ಲಿ ನೇತ್ರಚಿಕಿತ್ಸೆಗೆ ತೆಗೆದಿರಿಸುವ ಹಣದಲ್ಲಿ ಒಂದು ಚಿಕ್ಕ ಪಾಲನ್ನು ಈ ಬಾಬ್ತಿಗೆ ಬೇರೆಯಾಗಿ ನಮೂದಿಸಿ ನಿರ್ಣಯ ಕೈಗೊಳ್ಳಬೇಕೆಂದೂ, ತಿರಸ್ಕರಿಸಿದ ಅರ್ಜಿಗಳಿದ್ದರೆ ಅವುಗಳನ್ನು ಪುನಃ ತೆರೆದು ನೋಡಬೇಕೆಂದೂ ಧರ್ಮಬಂಧುಗಳಲ್ಲಿ ನನ್ನ ಸವಿನಯ ಆಗ್ರಹ.